ಅಂಗಡಿ ತೆರೆಯುವ ಮುನ್ನ ಗ್ರಂಥಾಲಯದ ಬಾಗಿಲು

1930ರ ದಶಕದ ನಡುಭಾಗದಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬ ತರುಣ ನ್ಯೂಯಾರ್ಕಿನ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿ ಕೆಲಸಕ್ಕಿದ್ದ. ಹಗಲೆಲ್ಲ ದಾಖಲೆಗಳ ಪ್ರತಿಗಾಗಿ ಪರದಾಟ. ಒಂದೋ ಯಾರಾದರೂ ಕುಳಿತು ಮತ್ತೆ ಟೈಪ್ ಮಾಡಬೇಕು, ಇಲ್ಲವೇ ಹೊರಗೆ ಕಳಿಸಿ ದುಬಾರಿ ಫೋಟೊ ಪ್ರತಿ ತೆಗೆಸಬೇಕು. ಸಂಜೆಯಾದರೆ ಕಾನೂನು ಕಾಲೇಜು. ಪಠ್ಯಪುಸ್ತಕ ಕೊಳ್ಳಲು ಹಣವಿಲ್ಲದ್ದರಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಪುಟಗಟ್ಟಲೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದ. ಬರೆದು ಬರೆದು ಕೈ ಸೋಲುತ್ತಿತ್ತು. ಗುಂಡಿ ಒತ್ತಿದರೆ ಪ್ರತಿ ಬರುವಂಥ ಯಂತ್ರ ಇರಬಾರದೇ ಎಂಬ ಯೋಚನೆ ಅವನನ್ನು ಹಿಡಿದುಕೊಂಡಿತು.

ಮುಂದೆ ಅವನು ಮಾಡಿದ ಕೆಲಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅವನು ಕೂಡಲೇ ಪ್ರಯೋಗಕ್ಕೆ ಇಳಿಯಲಿಲ್ಲ. ಅದೇ ಗ್ರಂಥಾಲಯದ ವಿಜ್ಞಾನ ವಿಭಾಗಕ್ಕೆ ಹೋಗಿ ತಿಂಗಳುಗಟ್ಟಲೆ ಓದಿದ. ಫೋಟೊಗ್ರಫಿಯ ರಾಸಾಯನಿಕ ದಾರಿಯಲ್ಲಿ ದೊಡ್ಡ ಕಂಪನಿಗಳ ಪ್ರಯೋಗಾಲಯಗಳು ಈಗಾಗಲೇ ಕೆಲಸ ಮಾಡುತ್ತಿವೆ, ಅಲ್ಲಿ ಒಬ್ಬಂಟಿಯಾಗಿ ಗೆಲ್ಲುವುದು ಆಗದ ಮಾತು ಎಂದು ಓದಿನಿಂದಲೇ ತಿಳಿದುಕೊಂಡ. ಹಾಗಾದರೆ ಯಾರೂ ಇಲ್ಲದ ದಾರಿ ಯಾವುದು ಎಂದು ಹುಡುಕಿದ. ಬೆಳಕು ಬಿದ್ದಾಗ ಕೆಲವು ವಸ್ತುಗಳ ವಿದ್ಯುತ್ ಗುಣ ಬದಲಾಗುವ ಬಗೆಯನ್ನೂ, ಹಂಗೇರಿಯ ಭೌತವಿಜ್ಞಾನಿ ಪಾಲ್ ಶೆಲೇನಿ ಅವರ ಲೇಖನವನ್ನೂ ಅವನು ಹಿಡಿದದ್ದು ಆ ಹುಡುಕಾಟದಲ್ಲಿ. 1938ರ ಅಕ್ಟೋಬರ್ 22ರಂದು ಕ್ವೀನ್ಸ್‌ನ ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ ಮೊದಲ ಪ್ರತಿ ಮೂಡಿತು. 1942ರಲ್ಲಿ ಪೇಟೆಂಟ್ ದೊರೆಯಿತು. ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಬೇಡವೆಂದು ಕೈಚೆಲ್ಲಿದ ಆ ವಿದ್ಯೆ 1959ರಲ್ಲಿ ಜೆರಾಕ್ಸ್ 914 ಎಂಬ ಯಂತ್ರವಾಗಿ ಹೊರಬಂದು ಜಗತ್ತಿನ ಕಚೇರಿಗಳನ್ನೇ ಬದಲಿಸಿತು.

ಕಾರ್ಲ್‌ಸನ್ ಗ್ರಂಥಾಲಯದಲ್ಲಿ ಮಾಡಿದ್ದಕ್ಕೆ ಇಂದಿನ ವ್ಯಾಪಾರದ ಭಾಷೆಯಲ್ಲಿ ಮಾರುಕಟ್ಟೆ ಅಧ್ಯಯನ, ಪೈಪೋಟಿಯ ವಿಶ್ಲೇಷಣೆ, ಪೇಟೆಂಟ್ ಶೋಧ ಎಂಬ ಮೂರು ಭಾರವಾದ ಹೆಸರುಗಳಿವೆ. ದೊಡ್ಡ ಕಂಪನಿಗಳು ಇವಕ್ಕೆಂದೇ ಇಲಾಖೆಗಳನ್ನು ಇಟ್ಟುಕೊಂಡಿರುತ್ತವೆ. ಉಳಿತಾಯದ ಹಣವನ್ನು ಕೈಯಲ್ಲಿ ಹಿಡಿದು ಅಂಗಡಿ ತೆರೆಯಲು ಹೊರಟವರಿಗೆ ಯಾವ ಇಲಾಖೆ ಇದೆ? ನ್ಯೂಯಾರ್ಕಿನಲ್ಲಿ ಅವರಿಗೆ ಗ್ರಂಥಾಲಯವಿದೆ. ಅದು ಹೇಗೆ ಕೆಲಸ ಮಾಡುತ್ತದೆ, ಅಲ್ಲಿ ಸಿಗುವುದೇನು, ಸಿಗದಿರುವುದೇನು ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ವ್ಯಾಪಾರಿಗಳ ಹಣ, ವ್ಯಾಪಾರಿಗಳ ಕಟ್ಟಡ

ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಹೆಸರಿಗೆ ಸಾರ್ವಜನಿಕ. ಆದರೆ ಅದು ಸರ್ಕಾರದ ಇಲಾಖೆಯಲ್ಲ. ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆ. ನಗರದ ಹಣವೂ ದಾನಿಗಳ ಹಣವೂ ಸೇರಿ ಅದು ನಡೆಯುತ್ತದೆ. ತುಪ್ಪಳದ ವ್ಯಾಪಾರದಿಂದಲೂ ಮ್ಯಾನ್‌ಹಟನ್ನಿನ ಜಮೀನಿನಿಂದಲೂ ಸಿರಿವಂತನಾದ ಜಾನ್ ಜೇಕಬ್ ಆಸ್ಟರ್ 1848ರಲ್ಲಿ ತೀರಿಕೊಳ್ಳುವಾಗ ಗ್ರಂಥಾಲಯಕ್ಕೆಂದು 4,00,000 ಡಾಲರ್ ಬಿಟ್ಟುಹೋದ. ಜೇಮ್ಸ್ ಲೆನಾಕ್ಸ್ ಎಂಬ ಪುಸ್ತಕಪ್ರೇಮಿ ತನ್ನ ಅಪರೂಪದ ಸಂಗ್ರಹಕ್ಕೆ ಬೇರೊಂದು ಗ್ರಂಥಾಲಯ ಕಟ್ಟಿಸಿದ. ಎರಡೂ ಮುಖ್ಯವಾಗಿ ವಿದ್ವಾಂಸರ ತಾಣಗಳು; ಪುಸ್ತಕ ಮನೆಗೆ ಒಯ್ಯುವಂತಿರಲಿಲ್ಲ. ನ್ಯೂಯಾರ್ಕಿನ ಮಾಜಿ ಗವರ್ನರ್ ಸ್ಯಾಮ್ಯುಯೆಲ್ ಟಿಲ್ಡನ್ 1886ರಲ್ಲಿ ಸತ್ತಾಗ ತನ್ನ ಆಸ್ತಿಯ ಬಹುಪಾಲನ್ನು ಉಚಿತ ಗ್ರಂಥಾಲಯಕ್ಕೆ ಬರೆದಿಟ್ಟಿದ್ದ. ಸಂಬಂಧಿಕರು ಉಯಿಲನ್ನು ನ್ಯಾಯಾಲಯಕ್ಕೆ ಎಳೆದರು. ಉಳಿದ ಹಣವೂ ಸಣ್ಣದೇನಲ್ಲ. 1895ರ ಮೇ 23ರಂದು ಈ ಮೂರೂ ಸೇರಿ ಒಂದಾದವು. ಸರಿಯಾಗಿ ಹದಿನಾರು ವರ್ಷಗಳ ನಂತರ, 1911ರ ಅದೇ ದಿನ, ಐದನೇ ಅವೆನ್ಯೂನ ಅಮೃತಶಿಲೆಯ ಕಟ್ಟಡ ಉದ್ಘಾಟನೆಯಾಯಿತು. ಅದರ ಮೆಟ್ಟಿಲುಗಳ ಎರಡೂ ಬದಿಗೆ ಮಲಗಿರುವ ಸಿಂಹಗಳಿಗೆ 1930ರ ದಶಕದ ಆರ್ಥಿಕ ಕುಸಿತದ ಕಷ್ಟಕಾಲದಲ್ಲಿ ಮೇಯರ್ ಲಾ ಗಾರ್ಡಿಯಾ ಇಟ್ಟ ಹೆಸರುಗಳೇ ಇಂದಿಗೂ ಉಳಿದಿವೆ: ತಾಳ್ಮೆ ಮತ್ತು ಧೃತಿ. ಹೊಸ ವ್ಯಾಪಾರಕ್ಕೆ ಕೈಹಾಕುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲ ಕಾವಲು ಬೇಕೇ?

ಆದರೆ ವ್ಯಾಪಾರಿಗಳಿಗೆಂದೇ ಗ್ರಂಥಾಲಯ ಎಂಬ ಕಲ್ಪನೆ ಮೊದಲು ಬಲವಾಗಿ ಬೇರೂರಿದ್ದು ಇಲ್ಲಲ್ಲ, ಹಡ್ಸನ್ ನದಿಯ ಆಚೆ ನ್ಯೂಜೆರ್ಸಿಯ ನ್ಯೂಆರ್ಕ್ ನಗರದಲ್ಲಿ. ಅಲ್ಲಿನ ಗ್ರಂಥಪಾಲಕ ಜಾನ್ ಕಾಟನ್ ಡೇನಾ 1904ರಲ್ಲಿ ವ್ಯಾಪಾರದ ಶಾಖೆಯೊಂದನ್ನು ತೆರೆದರು. ವ್ಯಾಪಾರಿ ಗ್ರಂಥಾಲಯವನ್ನು ಹುಡುಕಿಕೊಂಡು ಬರುವುದಿಲ್ಲ, ಗ್ರಂಥಾಲಯವೇ ಅವನ ದಾರಿಯಲ್ಲಿ ನಿಲ್ಲಬೇಕು ಎಂಬುದು ಅವರ ನಡೆಯ ಹಿಂದಿನ ವಿಚಾರ. ಕಪಾಟುಗಳಲ್ಲಿ ಕಾವ್ಯ, ಕಾದಂಬರಿಗಳ ಬದಲು ಊರೂರಿನ ವಿಳಾಸ ಕೋಶಗಳು, ನಕ್ಷೆಗಳು, ವೃತ್ತಿ ಪತ್ರಿಕೆಗಳು ಬಂದು ಕುಳಿತವು. ಇಂದು ಡೇಟಾಬೇಸ್ ಎಂದು ಕರೆಯುವ ವಸ್ತುವಿನ ಅಜ್ಜ ಆ ವಿಳಾಸ ಕೋಶವೇ.

ನ್ಯೂಯಾರ್ಕ್ ತನ್ನ ವಿಜ್ಞಾನ, ಕೈಗಾರಿಕೆ ಮತ್ತು ವ್ಯಾಪಾರದ ಸಂಗ್ರಹಕ್ಕೆಲ್ಲ ಒಂದು ಪ್ರತ್ಯೇಕ ಮನೆ ಮಾಡಿದ್ದು 1996ರಲ್ಲಿ, ಮ್ಯಾಡಿಸನ್ ಅವೆನ್ಯೂನಲ್ಲಿ. ಒಂದು ಕಾಲಕ್ಕೆ ಬಿ. ಆಲ್ಟ್‌ಮನ್ ಎಂಬ ಹೆಸರಾಂತ ಮಳಿಗೆಯಿದ್ದ ಕಟ್ಟಡ ಅದು. ಆ ಶಾಖೆ ಈಗಿಲ್ಲ. ಅದರ ವ್ಯಾಪಾರದ ಕೆಲಸವನ್ನು ಈಗ ನೋಡಿಕೊಳ್ಳುವುದು ಐದನೇ ಅವೆನ್ಯೂ ಮತ್ತು 40ನೇ ಬೀದಿಯ ಮೂಲೆಯಲ್ಲಿ, ಸಿಂಹಗಳ ಕಟ್ಟಡಕ್ಕೆ ಓರೆಯಾಗಿ ಎದುರಿಗಿರುವ ಸ್ಟಾವ್ರೋಸ್ ನಿಯಾರ್ಕೋಸ್ ಫೌಂಡೇಶನ್ ಗ್ರಂಥಾಲಯ. ಅದರೊಳಗಿನ ಥಾಮಸ್ ಯೋಸೆಲಾಫ್ ಬಿಸಿನೆಸ್ ಸೆಂಟರ್ ಉದ್ಯಮಿಗಳ ನೆಲೆ. ನವೀಕರಣ ಮುಗಿದು 2021ರಲ್ಲಿ ಪೂರ್ತಿಯಾಗಿ ತೆರೆದ ಈ ಕಟ್ಟಡವೂ ಹಿಂದೆ ಆರ್ನಲ್ಡ್ ಕಾನ್‌ಸ್ಟೇಬಲ್ ಎಂಬ ದೊಡ್ಡ ಬಟ್ಟೆ ಮಳಿಗೆಯಾಗಿತ್ತು. ವ್ಯಾಪಾರದ ಪುಸ್ತಕಗಳಿಗೆ ಈ ನಗರ ಕೊಟ್ಟ ಎರಡೂ ಮನೆಗಳು ಮುಚ್ಚಿಹೋದ ಅಂಗಡಿಗಳೇ ಎಂಬುದು ಆಕಸ್ಮಿಕ. ಆದರೂ ಅಲ್ಲಿ ಕುಳಿತು ತನ್ನ ಅಂಗಡಿಯ ಲೆಕ್ಕ ಹಾಕುವವರಿಗೆ ಆ ಗೋಡೆಗಳು ಏನೋ ಹೇಳುತ್ತವೆ ಎಂದು ನನಗೆ ಅನ್ನಿಸುತ್ತದೆ. ಎಂಥ ದೊಡ್ಡ ಮಳಿಗೆಯೂ ಮುಚ್ಚಬಹುದು.

ಒಂದು ಬ್ರೆಡ್ ಅಂಗಡಿಯ ಕಥೆ

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳುತ್ತೇನೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಒಬ್ಬ ಮಹಿಳೆ. ಹತ್ತು ವರ್ಷ ಬೇರೆಯವರ ಬೇಕರಿಯಲ್ಲಿ ಹಿಟ್ಟು ನಾದಿದ್ದಾರೆ. ಕೈಯಲ್ಲಿ ಕಸುಬಿದೆ, ಸ್ವಲ್ಪ ಉಳಿತಾಯವಿದೆ. ಅಲ್ಲಿನ ಫೋರ್ಡಮ್ ಬಡಾವಣೆಯ ಸುತ್ತಮುತ್ತ ತಮ್ಮದೇ ಬ್ರೆಡ್ ಅಂಗಡಿ ತೆರೆಯುವ ಆಸೆ. ಅವರು ಗ್ರಂಥಾಲಯಕ್ಕೆ ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: “ಬೇಕರಿ ಮಾರುಕಟ್ಟೆಯ ಬಗ್ಗೆ ಮಾಹಿತಿ ಬೇಕು.”

ಈ ಪ್ರಶ್ನೆಗೆ ಉತ್ತರವಿಲ್ಲ. ಅಥವಾ ಲಕ್ಷ ಉತ್ತರಗಳಿವೆ. ಮೊಬೈಲ್‌ನಲ್ಲಿ ಹುಡುಕಿದರೆ ಜಾಗತಿಕ ಬೇಕರಿ ಮಾರುಕಟ್ಟೆ ಮುಂದಿನ ದಶಕದಲ್ಲಿ ಎಷ್ಟು ಸಾವಿರ ಕೋಟಿ ಆಗಲಿದೆ ಎಂದು ಸಾರುವ ಪುಟಗಳು ಸಾಲುಗಟ್ಟುತ್ತವೆ. ವರದಿಯ ಸಾರಾಂಶ ಉಚಿತ, ಒಳಗಿನ ಪುಟಗಳಿಗೆ ಸಾವಿರಾರು ಡಾಲರ್. ಅದನ್ನು ಕೊಂಡರೂ ಫೋರ್ಡಮ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಬ್ರೆಡ್ ಕೊಳ್ಳುವವರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಗ್ರಂಥಪಾಲಕರು ಉತ್ತರ ಹುಡುಕುವ ಮೊದಲು ಮರುಪ್ರಶ್ನೆ ಕೇಳುತ್ತಾರೆ. ಅಲ್ಲೇ ಸುಟ್ಟು ಮಾರುತ್ತೀರೋ, ತರಿಸಿ ಮಾರುತ್ತೀರೋ? ಗಿರಾಕಿ ಮನೆಗೆ ಒಯ್ಯುತ್ತಾನೋ, ಅಲ್ಲೇ ಕುಳಿತು ತಿನ್ನುತ್ತಾನೋ? ಹೋಟೆಲುಗಳಿಗೂ ಸರಬರಾಜು ಮಾಡುವ ಯೋಚನೆ ಇದೆಯೇ? ಗ್ರಂಥಾಲಯದ ವೃತ್ತಿಯಲ್ಲಿ ಇದಕ್ಕೆ ರೆಫರೆನ್ಸ್ ಸಂದರ್ಶನ ಎನ್ನುತ್ತಾರೆ. ಗ್ರಂಥಾಲಯದ ನಿಜವಾದ ಕಾಣಿಕೆ ಇದೇ ಎಂದು ನಾನು ನಂಬುತ್ತೇನೆ. ಅಗಲವಾದ ಆಸೆಯನ್ನು ಅಳೆಯಬಲ್ಲ ಪ್ರಶ್ನೆಗಳಾಗಿ ಕತ್ತರಿಸುವ ಕೆಲಸ. ಪುಸ್ತಕ, ಡೇಟಾಬೇಸ್ ಎಲ್ಲ ಆಮೇಲೆ.

ಆ ಮರುಪ್ರಶ್ನೆಗಳ ಹಿಂದೆ ಒಂದು ಗಟ್ಟಿಯಾದ ಕಾರಣವಿದೆ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ದೇಶಗಳು ಪ್ರತಿಯೊಂದು ಬಗೆಯ ಉದ್ಯಮಕ್ಕೂ ಆರಂಕಿಯ ಸಂಕೇತ ಸಂಖ್ಯೆ ಕೊಟ್ಟಿವೆ. 1997ರಲ್ಲಿ ಜಾರಿಗೆ ಬಂದ ಈ ಪದ್ಧತಿಗೆ ನೇಯಿಕ್ಸ್ ಎನ್ನುತ್ತಾರೆ. ಸರ್ಕಾರದ ಅಂಕಿಅಂಶ, ಬ್ಯಾಂಕಿನ ಲೆಕ್ಕ, ಖಾಸಗಿ ವರದಿ ಎಲ್ಲವನ್ನೂ ಈ ಸಂಖ್ಯೆಯ ಅಡಿಯಲ್ಲೇ ಜೋಡಿಸಿಟ್ಟಿರುತ್ತಾರೆ. ಸಂಖ್ಯೆ ತಪ್ಪಿದರೆ ನೀವು ಬೇರೆ ಯಾರದೋ ವ್ಯಾಪಾರದ ಲೆಕ್ಕ ಓದುತ್ತಾ ಕುಳಿತಿರುತ್ತೀರಿ.

ಬ್ರೆಡ್ಡನ್ನೇ ನೋಡಿ. ಅಲ್ಲೇ ಹಿಟ್ಟು ಕಲಸಿ, ಸುಟ್ಟು, ಗಿರಾಕಿ ಮನೆಗೆ ಒಯ್ಯುವಂತೆ ಮಾರುವ ಅಂಗಡಿಯ ಸಂಖ್ಯೆ 311811. ಮೊದಲ ಎರಡು ಅಂಕಿ 31. ಅಂದರೆ ಇದು ತಯಾರಿಕಾ ಕ್ಷೇತ್ರ! ಮೂಲೆಯ ಪುಟ್ಟ ಬೇಕರಿ ಲೆಕ್ಕದ ಪುಸ್ತಕದಲ್ಲಿ ಕಾರ್ಖಾನೆಗಳ ಪಂಕ್ತಿಯಲ್ಲಿ ಕುಳಿತಿದೆ. ಬೇರೆಲ್ಲೋ ಸುಟ್ಟ ಬ್ರೆಡ್ ತಂದು ಮಾರಿದರೆ ಸಂಖ್ಯೆ 445291, ಅದು ಚಿಲ್ಲರೆ ವ್ಯಾಪಾರ. ನಾಲ್ಕು ಮೇಜು ಹಾಕಿ, ಕಾಫಿ ಇಟ್ಟು, ಕೊಂಡವರು ಅಲ್ಲೇ ತಿನ್ನುವುದೇ ಮುಖ್ಯ ವ್ಯವಹಾರವಾದರೆ 722515ಕ್ಕೆ, ಹೋಟೆಲುಗಳ ಕ್ಷೇತ್ರಕ್ಕೆ, ಜಿಗಿಯುತ್ತದೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಬಗೆಯ ಅಂಗಡಿ, ಒಂದೇ ಸುವಾಸನೆ. ಒಳಗೆ ಮಾತ್ರ ಮೂರು ಬೇರೆ ಉದ್ಯಮಗಳು. ಕೂಲಿ, ಬಾಡಿಗೆ, ಕಚ್ಚಾವಸ್ತುಗಳ ಪ್ರಮಾಣ ಮೂರರಲ್ಲೂ ಬೇರೆ. ಪರವಾನಗಿ ಕೊಡುವ ಕಚೇರಿಯೂ ಬೇರೆಯಾಗಬಹುದು: ಮನೆಗೆ ಒಯ್ಯುವ ಬ್ರೆಡ್ ಸುಡುವ ಅಂಗಡಿ ನ್ಯೂಯಾರ್ಕ್ ರಾಜ್ಯದ ಕೃಷಿ ಮತ್ತು ಮಾರುಕಟ್ಟೆ ಇಲಾಖೆಯ ಕೈಗೆ ಬರುತ್ತದೆ, ಕುಳಿತು ತಿನ್ನುವುದೇ ಹೆಚ್ಚಾದರೆ ನಗರದ ಆರೋಗ್ಯ ಇಲಾಖೆಯ ಕೈಗೆ. ಮೇಜು ಹಾಕಬೇಕೋ ಬೇಡವೋ ಎಂಬ ಸಣ್ಣ ಪ್ರಶ್ನೆ ಎಷ್ಟು ದೂರ ಚಾಚುತ್ತದೆ ನೋಡಿ. ಅದನ್ನು ಗ್ರಂಥಪಾಲಕರು ಮೊದಲ ಹತ್ತು ನಿಮಿಷದಲ್ಲೇ ಕೇಳುವುದು ಸುಮ್ಮನೆ ಅಲ್ಲ.

ಸಂಖ್ಯೆ ಕೈಗೆ ಬಂದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಅಮೆರಿಕದ ಜನಗಣತಿ ಸಂಸ್ಥೆ ಜನರನ್ನಷ್ಟೇ ಎಣಿಸುವುದಿಲ್ಲ, ಅಂಗಡಿಗಳನ್ನೂ ಎಣಿಸುತ್ತದೆ. ಪ್ರತಿವರ್ಷ ಹೊರಬರುವ ‘ಕೌಂಟಿ ಬಿಸಿನೆಸ್ ಪ್ಯಾಟರ್ನ್ಸ್’ ಎಂಬ ಲೆಕ್ಕದಲ್ಲಿ ಒಂದು ಕೌಂಟಿಯೊಳಗೆ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದೊಳಗೆ, ಯಾವ ಸಂಖ್ಯೆಯ ಉದ್ಯಮಗಳು ಎಷ್ಟಿವೆ, ಅವುಗಳಲ್ಲಿ ಎಷ್ಟು ಜನ ದುಡಿಯುತ್ತಾರೆ, ಒಟ್ಟು ಸಂಬಳವೆಷ್ಟು ಎಂಬುದೆಲ್ಲ ಸಿಗುತ್ತದೆ. ಬ್ರಾಂಕ್ಸ್ ಒಂದು ಇಡೀ ಕೌಂಟಿಯಾದ್ದರಿಂದ ನಮ್ಮ ಮಹಿಳೆಯ ಕೆಲಸ ಸುಲಭ. ಹಿಂದಿನ ವರ್ಷಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟರೆ ಬೇಕರಿಗಳು ಹೆಚ್ಚುತ್ತಿವೆಯೋ ಮುಚ್ಚುತ್ತಿವೆಯೋ ಎಂಬ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಒಂದು ಎಚ್ಚರ: ಈ ಲೆಕ್ಕ ಸಂಬಳದ ನೌಕರರಿರುವ ಅಂಗಡಿಗಳದು ಮಾತ್ರ. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿಗಳು ಬೇರೆಯೇ ಪಟ್ಟಿಯಲ್ಲಿವೆ. ಎರಡನ್ನೂ ಕೂಡಿಸದೆ “ಇಲ್ಲಿ ಪೈಪೋಟಿ ಕಡಿಮೆ” ಎಂದು ಹಿಗ್ಗಿದವರು ಆಳ ನೋಡದೆ ಹೊಳೆಗೆ ಇಳಿದಂತೆ. ವಹಿವಾಟಿನ ಮೊತ್ತ ಬೇಕಿದ್ದರೆ ಐದು ವರ್ಷಕ್ಕೊಮ್ಮೆ, 2 ಮತ್ತು 7ರಲ್ಲಿ ಕೊನೆಯಾಗುವ ವರ್ಷಗಳಲ್ಲಿ, ನಡೆಯುವ ಆರ್ಥಿಕ ಗಣತಿಯಿದೆ. ಸುತ್ತಲಿನ ಮನೆಗಳ ಆದಾಯ, ವಯಸ್ಸು, ಮನೆಮಾತು, ಕೆಲಸಕ್ಕೆ ಹೋಗುವ ಹೊತ್ತು ಬೇಕಿದ್ದರೆ ‘ಅಮೆರಿಕನ್ ಕಮ್ಯುನಿಟಿ ಸರ್ವೆ’.

ಇವೆಲ್ಲ ಸರ್ಕಾರಿ ಅಂಕಿಗಳು, ಯಾರು ಬೇಕಾದರೂ ಮನೆಯಿಂದಲೇ ನೋಡಬಹುದು. ಗ್ರಂಥಾಲಯವೇಕೆ ಬೇಕು? ಒಂದು, ಆ ಕಡಲಿನಲ್ಲಿ ಯಾವ ಮೂಲೆಗೆ ಬಲೆ ಬೀಸಬೇಕೆಂದು ತೋರಿಸುವವರು ಬೇಕು. ಎರಡು, ಮುಂದಿನ ಹಂತದ ಮಾಹಿತಿ ಉಚಿತವಲ್ಲ.

ದುಡ್ಡಿನ ಗೋಡೆ

ವ್ಯಾಪಾರದ ಮಾಹಿತಿಯೇ ಒಂದು ದೊಡ್ಡ ವ್ಯಾಪಾರ. ಷೇರುಪೇಟೆಯವರು ಬಳಸುವ ಬ್ಲೂಮ್‌ಬರ್ಗ್ ಟರ್ಮಿನಲ್ ಒಂದಕ್ಕೆ ವರ್ಷಕ್ಕೆ 20,000 ಡಾಲರಿಗೂ ಹೆಚ್ಚು ಚಂದಾ. ಉದ್ಯಮ ಉದ್ಯಮದ ವರದಿ ಬರೆಯುವ ಐಬಿಐಎಸ್‌ವರ್ಲ್ಡ್, ಊರಿನ ಒಂದೊಂದು ಅಂಗಡಿಯ ವಿಳಾಸ, ನೌಕರರ ಸಂಖ್ಯೆಯನ್ನು ಕೂಡಿಡುವ ಡೇಟಾ ಆಕ್ಸಲ್, ನಕ್ಷೆಯ ಮೇಲೆ ಜನರ ಖರ್ಚಿನ ಅಂದಾಜನ್ನು ಬಣ್ಣಗಳಲ್ಲಿ ತೋರಿಸುವ ಸಿಂಪ್ಲಿ ಅನಲಿಟಿಕ್ಸ್ ಇಂಥವು ಒಬ್ಬ ಸಣ್ಣ ವ್ಯಾಪಾರಿ ತನಗಾಗಿ ಕೊಳ್ಳುವ ವಸ್ತುಗಳಲ್ಲ. ಈ ಬಗೆಯ ಡೇಟಾಬೇಸ್‌ಗಳನ್ನು ದೊಡ್ಡ ಸಾರ್ವಜನಿಕ ಗ್ರಂಥಾಲಯಗಳು ಎಲ್ಲ ಓದುಗರ ಪರವಾಗಿ ಒಮ್ಮೆ ಕೊಳ್ಳುತ್ತವೆ. ಒಂದೇ ಬಾವಿ ತೋಡಿ ಇಡೀ ಊರಿಗೆ ನೀರು ಕೊಟ್ಟಂತೆ.

ಆದರೆ ಕೊಳ್ಳುತ್ತವೆ ಎಂಬ ಮಾತು ಪೂರ್ತಿ ಸರಿಯಲ್ಲ. ಪುಸ್ತಕ ಕೊಂಡರೆ ಅದು ಗ್ರಂಥಾಲಯದ ಸ್ವತ್ತು. ಡೇಟಾಬೇಸ್ ಹಾಗಲ್ಲ, ಅದು ವರ್ಷ ವರ್ಷದ ಬಾಡಿಗೆ. ಯಾರು ನೋಡಬಹುದು, ಎಲ್ಲಿಂದ ನೋಡಬಹುದು, ಎಷ್ಟು ಪುಟ ಇಳಿಸಿಕೊಳ್ಳಬಹುದು ಎಂಬುದೆಲ್ಲ ಒಪ್ಪಂದದಲ್ಲಿ ಬರೆದಿರುತ್ತದೆ. ಕೆಲವನ್ನು ಗ್ರಂಥಾಲಯದ ಕಾರ್ಡಿನ ಸಂಖ್ಯೆ ಹಾಕಿ ಮನೆಯಿಂದಲೇ ತೆರೆಯಬಹುದು. ಕೆಲವಕ್ಕೆ ಕಟ್ಟಡದೊಳಗೆ ಬಂದು ಅಲ್ಲಿನ ಕಂಪ್ಯೂಟರಿನ ಮುಂದೆಯೇ ಕೂರಬೇಕು. ಉಚಿತ ಎಂದಮೇಲೆ ಈ ಅಡೆತಡೆ ಏಕೆ ಎಂದು ಬೇಸರಿಸುವವರಿದ್ದಾರೆ. ಮನೆಮನೆಗೂ ಬಿಟ್ಟುಕೊಟ್ಟರೆ ಚಂದಾ ಕಟ್ಟುವ ಕಂಪನಿಗಳು ಕೈಬಿಟ್ಟಾವು ಎಂಬುದು ಮಾರುವವರ ಭಯ, ಆ ಭಯಕ್ಕೆ ಗ್ರಂಥಾಲಯ ತೆರುವ ಬೆಲೆ ಈ ಷರತ್ತು. ಬಜೆಟ್ ಕುಗ್ಗಿದ ವರ್ಷ ಒಂದು ಡೇಟಾಬೇಸ್ ಕಣ್ಮರೆಯಾಗಬಹುದು. ಕಪಾಟಿನಲ್ಲಿ ಅದರ ಹಳೆಯ ಪ್ರತಿ ಉಳಿದಿರುವುದಿಲ್ಲ. ಇದು ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚುತ್ತದೆ. ಡೇನಾ ಕೊಂಡ ವಿಳಾಸ ಕೋಶದಂಥ ಪುಸ್ತಕವನ್ನು ನೂರು ವರ್ಷದ ನಂತರವೂ ತೆರೆಯಬಹುದು. ಇಂದು ಬಾಡಿಗೆಗೆ ತಂದ ಮಾಹಿತಿಯ ಮಾತು ಹಾಗಲ್ಲ.

ಬ್ರೆಡ್ ಅಂಗಡಿಗೆ ಮರಳೋಣ. ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕುವ ದಿನ ನಮ್ಮ ಮಹಿಳೆ ತಮ್ಮ ಖರ್ಚು ವೆಚ್ಚದ ಅಂದಾಜು ಒಪ್ಪಿಸುತ್ತಾರೆ. ಬ್ಯಾಂಕಿನವರು ಅದನ್ನು ಯಾವುದರ ಜೊತೆ ಹೋಲಿಸುತ್ತಾರೆ? ಅಮೆರಿಕದಲ್ಲಿ ಬಹುಕಾಲ ಆರ್‌ಎಂಎ ಎಂದು ಹೆಸರಾಗಿದ್ದ ಬ್ಯಾಂಕರುಗಳ ಸಂಘ, ಸಾಲಗಾರರ ಲೆಕ್ಕಪತ್ರಗಳನ್ನು ಹೆಸರು ತೆಗೆದು ಒಟ್ಟುಗೂಡಿಸಿ, ಉದ್ಯಮ ಸಂಖ್ಯೆಯ ಪ್ರಕಾರ ಪ್ರತಿವರ್ಷ ಸರಾಸರಿಗಳನ್ನು ಹೊರತರುತ್ತದೆ. ಆ ಬಗೆಯ ವ್ಯಾಪಾರದಲ್ಲಿ 100 ಡಾಲರ್ ಮಾರಾಟವಾದರೆ ಎಷ್ಟು ಖರ್ಚಿಗೆ ಹೋಗುತ್ತದೆ, ಎಷ್ಟು ಉಳಿಯುತ್ತದೆ, ಸಾಲ ಎಷ್ಟಿದ್ದರೆ ಸಹಜ ಎಂಬುದು ಅದರಲ್ಲಿದೆ. ಮೇಜಿನ ಆಚೆ ಕುಳಿತವರ ಕೈಯಲ್ಲಿ ಈ ಪುಸ್ತಕವಿರುತ್ತದೆ. ಈಚೆ ಕುಳಿತವರಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ. ವ್ಯಾಪಾರದ ಗ್ರಂಥಾಲಯಗಳ ಕಪಾಟಿನಲ್ಲಿ ಇದು ಸಾಮಾನ್ಯವಾಗಿ ಸಿಗುವ ಆಕರ. ಅದನ್ನು ಮೊದಲೇ ತಿರುವಿ ಹಾಕಿ, “ನನ್ನ ಖರ್ಚು ಸರಾಸರಿಗಿಂತ ಹೆಚ್ಚಿದೆ, ಏಕೆಂದರೆ ನಾನು ಯಂತ್ರದಲ್ಲಿ ಅಲ್ಲ, ಕೈಯಲ್ಲಿ ನಾದುತ್ತೇನೆ” ಎಂದು ಕೇಳುವ ಮುನ್ನವೇ ಹೇಳಬಲ್ಲವರ ಮಾತಿಗೆ ಬ್ಯಾಂಕಿನಲ್ಲಿ ತೂಕವೇ ಬೇರೆ.

ದೊಡ್ಡವರಿಂದ ಕಲಿಯುವ ಇನ್ನೊಂದು ದಾರಿಯೂ ಇದೆ. ಷೇರುಪೇಟೆಯಲ್ಲಿರುವ ಅಮೆರಿಕದ ಕಂಪನಿಗಳು ಪ್ರತಿವರ್ಷ ಸರ್ಕಾರಕ್ಕೆ 10-ಕೆ ಎಂಬ ವರದಿ ಸಲ್ಲಿಸಲೇಬೇಕು. ಅದರಲ್ಲಿ ತಮ್ಮ ವ್ಯಾಪಾರಕ್ಕಿರುವ ಅಪಾಯಗಳನ್ನು ತಾವೇ ಬರೆದುಕೊಳ್ಳುವ ಭಾಗವೊಂದಿದೆ. ಜಾಹೀರಾತಿನಲ್ಲಿ ನಗುವ ಕಂಪನಿ ಇಲ್ಲಿ ತನ್ನ ಭಯಗಳನ್ನು ಹೇಳಿಕೊಳ್ಳಬೇಕಾಗುತ್ತದೆ. ಫ್ಲವರ್ಸ್ ಫುಡ್ಸ್ ಎಂಬ ದೊಡ್ಡ ಬ್ರೆಡ್ ಕಂಪನಿಯ ವರದಿಯನ್ನು ಓದಿದರೆ ಗೋಧಿ ಹಿಟ್ಟಿನ ಬೆಲೆಯ ಏರಿಳಿತ ಎಂಥ ಕಂಪನಿಯನ್ನೂ ಕಾಡುತ್ತದೆ ಎಂದು ತಿಳಿಯುತ್ತದೆ. ಆದರೆ ಖಾಸಗಿ ಒಡೆತನದ ಅಂಗಡಿಗಳಿಗೆ ಇಂಥ ಕಟ್ಟುಪಾಡಿಲ್ಲ. ಪಕ್ಕದ ಬೀದಿಯ ಬೇಕರಿಯ ನಿಜವಾದ ಲಾಭ ಯಾವ ಡೇಟಾಬೇಸಿನಲ್ಲೂ ಇಲ್ಲ. ಇದೆಯೆಂದು ಕಂಡರೆ ಅದು ಅಂದಾಜು. ನೌಕರರ ಸಂಖ್ಯೆ, ಉದ್ಯಮದ ಸರಾಸರಿ ಇತ್ಯಾದಿ ನೋಡಿ ಕಂಪ್ಯೂಟರ್ ಕಟ್ಟಿದ ಲೆಕ್ಕ. ಒಳ್ಳೆಯ ಗ್ರಂಥಪಾಲಕರು ಆ ಅಂಕಿಯ ಮೇಲೆ ಬೆರಳಿಟ್ಟು ಇದನ್ನು ಹೇಳಿಯೇ ಹೇಳುತ್ತಾರೆ.

ಹೆಸರಿನ ವಿಚಾರಕ್ಕೂ ಗ್ರಂಥಾಲಯ ಒದಗುತ್ತದೆ. ಅಂಗಡಿಗೆ ಇಟ್ಟ ಮುದ್ದಾದ ಹೆಸರನ್ನು ಬೇರೊಬ್ಬರು ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದ್ದರೆ, ಫಲಕ ಬರೆಸಿ, ಚೀಲ ಅಚ್ಚು ಹಾಕಿಸಿದ ಮೇಲೆ ವಕೀಲರ ಪತ್ರ ಬರುತ್ತದೆ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. ಬ್ರೆಡ್ 30ನೇ ವರ್ಗ, ಕುಳಿತು ತಿನ್ನುವ ಜಾಗ 43ನೇ ವರ್ಗ. ಹೆಸರು ಅಕ್ಷರಶಃ ಒಂದೇ ಇರಬೇಕೆಂದಿಲ್ಲ. ಕೇಳಲು ಹೋಲುವಂತಿದ್ದು ಗಿರಾಕಿಗೆ ಗೊಂದಲವಾಗುವಂತಿದ್ದರೂ ತೊಡಕೇ. ಹಾಗಾಗಿ ಕಾಗುಣಿತ ಬದಲಿಸಿ, ಸಮಾನಾರ್ಥಕ ಪದ ಹಾಕಿ ಹುಡುಕಬೇಕು. ಹುಡುಕುವ ಬಗೆಯನ್ನು ಗ್ರಂಥಪಾಲಕರು ಕಲಿಸುತ್ತಾರೆ. ಈ ಹೆಸರು ಇಟ್ಟುಕೊಳ್ಳಬಹುದೇ ಎಂದು ಮಾತ್ರ ಅವರು ಹೇಳುವುದಿಲ್ಲ, ಹೇಳಕೂಡದು. ಅದು ಕಾನೂನು ಸಲಹೆಯಾಗುತ್ತದೆ. ಈ ಗೆರೆಯನ್ನು ಅವರು ಬಿಗಿಯಾಗಿ ಕಾಯುತ್ತಾರೆ.

ಗುಟ್ಟು, ಮತ್ತು ಮೇಜಿನ ಈಚೆಯ ಮನುಷ್ಯರು

ತನ್ನ ಆಲೋಚನೆಯನ್ನು ಯಾರಾದರೂ ಕದ್ದುಬಿಟ್ಟರೆ ಎಂಬ ಅಂಜಿಕೆ ಹೊಸ ಉದ್ಯಮಿಗಳಲ್ಲಿ ಬಹಳ. ಸಾರ್ವಜನಿಕ ಸ್ಥಳದಲ್ಲಿ, ಸಾರ್ವಜನಿಕ ನೌಕರರ ಮುಂದೆ ಅದನ್ನು ಬಿಚ್ಚಿಡುವುದು ಹೇಗೆ? ನ್ಯೂಯಾರ್ಕ್ ರಾಜ್ಯದ ಕಾನೂನೊಂದು ಗ್ರಂಥಾಲಯದ ಓದುಗರ ದಾಖಲೆಗಳನ್ನು ಗೋಪ್ಯವೆಂದು ಕಾಪಾಡುತ್ತದೆ. ಯಾರು ಯಾವ ಪುಸ್ತಕ ಒಯ್ದರು, ಏನು ಕೇಳಿದರು, ಯಾವ ಡೇಟಾಬೇಸ್ ತೆರೆದರು ಎಂಬುದನ್ನು ಓದುಗರ ಒಪ್ಪಿಗೆಯೋ ನ್ಯಾಯಾಲಯದ ಆದೇಶದಂಥ ಕಾನೂನಿನ ಅಗತ್ಯವೋ ಇಲ್ಲದೆ ಬೇರೆಯವರಿಗೆ ಕೊಡುವಂತಿಲ್ಲ. ವೃತ್ತಿಯ ನೀತಿಯೂ ಅದೇ. ಹುಡುಕುತಾಣಗಳು ನಮ್ಮ ಹುಡುಕಾಟವನ್ನೇ ಜಾಹೀರಾತಿನ ಸರಕು ಮಾಡಿಕೊಂಡಿರುವ ಕಾಲದಲ್ಲಿ ಇದು ಎಷ್ಟು ದೊಡ್ಡ ಭರವಸೆ ಎಂಬುದನ್ನು ನಾವು ಸಾಕಷ್ಟು ಗುರುತಿಸಿಲ್ಲ ಎಂದೇ ನನ್ನ ಭಾವನೆ.

ಓದಿ ತಿಳಿದದ್ದನ್ನು ಬಳಸುವಲ್ಲಿ ಕೈಹಿಡಿಯುವವರೂ ಬೇಕಲ್ಲ? ಅದಕ್ಕೆ ಸ್ಕೋರ್ ಎಂಬ ಸಂಸ್ಥೆಯ ಸ್ವಯಂಸೇವಕರು ಗ್ರಂಥಾಲಯದಲ್ಲಿ ಸಿಗುತ್ತಾರೆ. 1964ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ವ್ಯಾಪಾರ ನಡೆಸಿ ನಿವೃತ್ತರಾದವರು, ಈಗಲೂ ನಡೆಸುತ್ತಿರುವವರು ಹೊಸಬರಿಗೆ ಹಣ ಪಡೆಯದೆ ಸಲಹೆ ಕೊಡುತ್ತಾರೆ. ಗ್ರಂಥಪಾಲಕರು ಅಂಕಿ ತೋರಿಸುತ್ತಾರೆ, ಆದರೆ ಈ ಬಾಡಿಗೆ ಹೆಚ್ಚಾಯಿತೇ ಎಂಬ ಪ್ರಶ್ನೆಗೆ ಅಭಿಪ್ರಾಯ ಕೊಡುವುದು ಅವರ ಕೆಲಸವಲ್ಲ. ಬಾಡಿಗೆ ಕಟ್ಟಿ ಸುಸ್ತಾದ ಅನುಭವಿಯ ಕೆಲಸ ಅದು. ಇಬ್ಬರನ್ನೂ ಒಂದೇ ಸೂರಿನಡಿ ಕೂರಿಸಿರುವುದು ಜಾಣತನ.

ಕಾರ್ಡು ಯಾರಿಗೆ ಸಿಗುತ್ತದೆ ಎಂಬುದು ಇಲ್ಲಿ ಬಹಳ ಮುಖ್ಯ. ನ್ಯೂಯಾರ್ಕ್ ರಾಜ್ಯದಲ್ಲಿ ವಾಸಿಸುವ, ದುಡಿಯುವ, ಓದುವ ಅಥವಾ ಆಸ್ತಿ ತೆರಿಗೆ ಕಟ್ಟುವ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಈ ಗ್ರಂಥಾಲಯದ ಶಾಖೆಗಳಿರುವುದು ಮ್ಯಾನ್‌ಹಟನ್, ಬ್ರಾಂಕ್ಸ್ ಮತ್ತು ಸ್ಟೇಟನ್ ಐಲೆಂಡಿನಲ್ಲಿ ಮಾತ್ರ. ಬ್ರೂಕ್ಲಿನ್ ಮತ್ತು ಕ್ವೀನ್ಸ್‌ಗೆ ತಮ್ಮವೇ ಗ್ರಂಥಾಲಯ ವ್ಯವಸ್ಥೆಗಳಿವೆ, ವ್ಯಾಪಾರದ ನೆರವೂ ಇದೆ. ನಗರಕ್ಕೆ ಹೊಸದಾಗಿ ಬಂದು, ಇಂಗ್ಲಿಷ್ ಇನ್ನೂ ನಾಲಿಗೆಗೆ ಒಗ್ಗದವರಿಗೂ ಈ ಬಾಗಿಲು ತೆರೆದೇ ಇರುತ್ತದೆ. ಅವರಿಗೆ ಇಲ್ಲಿ ಸಾಲ ಪಡೆದು ತೀರಿಸಿದ ಇತಿಹಾಸವಿಲ್ಲ, ಪರಿಚಯದ ಬ್ಯಾಂಕ್ ಮ್ಯಾನೇಜರ್ ಇಲ್ಲ, ವ್ಯಾಪಾರದಲ್ಲಿ ಪಳಗಿದ ಚಿಕ್ಕಪ್ಪನಿಲ್ಲ. ಅನುಕೂಲಸ್ಥರು ಊಟದ ಮೇಜಿನಲ್ಲಿ ಕೇಳಿಸಿಕೊಂಡೇ ಕಲಿಯುವ ಎಷ್ಟೋ ಸಂಗತಿಗಳನ್ನು ಇವರು ಇಲ್ಲಿ ಓದಿ ಕಲಿಯಬೇಕು, ಕಲಿಯುತ್ತಾರೆ ಕೂಡ.

ಹೀಗೆ ನಾಲ್ಕೈದು ಬಾರಿ ಬಂದುಹೋದ ಮೇಲೆ ನಮ್ಮ ಬ್ರಾಂಕ್ಸ್‌ನ ಮಹಿಳೆಯ ನೋಟ್‌ಪುಸ್ತಕದಲ್ಲಿ ಏನಿರಬಹುದು? ಬೇಕರಿ ಮಾರುಕಟ್ಟೆ ಎಂಬ ಮೊದಲ ಪುಟದ ಮಾತನ್ನು ಹೊಡೆದು ಹಾಕಿದ್ದಾರೆ. ಫೋರ್ಡಮ್‌ನಿಂದ ನಡೆದು ಹೋಗುವಷ್ಟು ದೂರದಲ್ಲೇ ಆರ್ಥರ್ ಅವೆನ್ಯೂ ಇದೆ, ಅಲ್ಲಿ ತಲೆಮಾರುಗಳಿಂದ ಹೆಸರು ಮಾಡಿದ ಇಟಾಲಿಯನ್ ಬೇಕರಿಗಳಿವೆ, ಅವರ ಎದುರು ಅವರದೇ ಬಗೆಯ ಬ್ರೆಡ್ ಇಟ್ಟು ನಿಲ್ಲುವುದು ಕಾರ್ಲ್‌ಸನ್ ಫೋಟೊಗ್ರಫಿಯ ದಾರಿ ಹಿಡಿದಂತಾಗುತ್ತದೆ. ಹಾಗಾಗಿ ಸ್ವಲ್ಪ ಉತ್ತರಕ್ಕೆ ಸರಿಯುವ ಯೋಚನೆ ಬಂದಿದೆ. ಮೇಜು ಹಾಕುವುದು ಬೇಡ, ಮೊದಲ ವರ್ಷ 311811 ಆಗಿಯೇ ಇರುವುದು ಎಂದು ಬರೆದುಕೊಂಡಿದ್ದಾರೆ. ಇಷ್ಟಪಟ್ಟಿದ್ದ ಹೆಸರಿನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.

ಕೊನೆಯ ಭೇಟಿಯಲ್ಲಿ ಅವರು ಕೇಳಿದ ಪ್ರಶ್ನೆ ಇದು ಎಂದುಕೊಳ್ಳೋಣ: “ನಾನು ನೋಡಿಟ್ಟ ಮೂಲೆಯಲ್ಲಿ ಬೆಳಿಗ್ಗೆ ರೈಲು ಹಿಡಿಯಲು ಎಷ್ಟು ಜನ ಹೋಗುತ್ತಾರೆ, ಅವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ಆಗಲೇ ಬ್ರೆಡ್ಡಿನ ಪೊಟ್ಟಣವಿರುತ್ತದೆ?” ಗ್ರಂಥಪಾಲಕರು ರೈಲು ನಿಲ್ದಾಣದ ಪ್ರಯಾಣಿಕರ ಲೆಕ್ಕ ತೆಗೆದುಕೊಟ್ಟರು. ಪೊಟ್ಟಣದ ಲೆಕ್ಕ ಯಾರಲ್ಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಅವರು ಆ ಮೂಲೆಯಲ್ಲಿ ನೋಟ್‌ಪುಸ್ತಕ ಹಿಡಿದು ನಿಂತು, ಹಾದುಹೋಗುವವರ ಕೈಗಳನ್ನು ನೋಡುತ್ತಾ ಗೆರೆ ಎಳೆಯತೊಡಗಿದರು.